ಬೆಕ್ಕಿನ ಮೀಸೆ

ಇಸ್ತ್ರಿಯವನು ಕೋಟನ್ನು ಎರಡೂ ಕೈಗಳ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಬಾಗಿಲು ತೆರೆದ ಡ್ರೈವರ್ ಸಾಹೇಬರ ಮುಖ ನೋಡಿದ್ದೇ ತಡ, ಅವನು ಬಿಟ್ಟ ಬಾಯಿ ಬಿಟ್ಟ ಹಾಗೇ ಉಳಿಯಿತು.

"ಏನಯ್ಯಾ, ಕೋಟು ಗೀಟು ಸುಟ್ಟುಬಿಟ್ಯಾ?"

"ಇಲ್ಲ ಸಾರ್. ಕೋಟಿಗೆ ಏನೂ ಆಗಿಲ್ಲ" ಎಂದು 'ಕೋಟಿಗೆ' ಎನ್ನುವುದನ್ನು ಒತ್ತಿ ಹೇಳಿ, ಅದನ್ನು ಒಪ್ಪಿಸಿ, ಅವನು ದಡದಡ ಮೆಟ್ಟಿಲಿಳಿದ. ಮೊದಲ ತಿರುವಿನವರೆಗೆ ಹೇಗೋ ತಡೆದುಕೊಂಡವನು ಅಲ್ಲಿಂದಾಚೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಮೂರನೇ ಮಹಡಿಯ ಅಡುಗೆಮನೆಗೂ ಕೇಳಿಸಿತು.

ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಹೆಂಗಸು ತಲೆ ಎತ್ತಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾಗಿದ್ದ ಆಕೆಯನ್ನು ಬೀದಿಯವರೆಲ್ಲ ಈಗಲೂ ಸೈನ್ಸ್ ಮಿಸ್ ಎಂದೇ ಕರೆಯುತ್ತಿದ್ದರು. ಗಂಡನ ಮುಖದಲ್ಲಿ ಏನಾಗಿದೆ ಎಂದು ನೋಡಬೇಕೆಂಬ ಆಸೆ ಕತ್ತಿನವರೆಗೂ ಬಂದಿತ್ತು. ಆದರೆ ನೋಡಿದರೆ ಕೇಳಬೇಕಾಗುತ್ತದೆ, ಕೇಳಿದರೆ ಮಾತಾಡಬೇಕಾಗುತ್ತದೆ. ಚಳಿಗಾಲದ ಮೊದಲಿಂದ ಆಕೆ ಗಂಡನೊಂದಿಗೆ ಮಾತು ಬಿಟ್ಟಿದ್ದಳು.

ಬಚ್ಚಲಿನ ಕನ್ನಡಿಯ ಕಡೆಯಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು. ನಲ್ಲಿ ಭೋರೆಂದಿತು. ಸೋಪಿನ ಡಬ್ಬಿ ನೆಲಕ್ಕೆ ಬಿತ್ತು. ಬಹಳ ಹೊತ್ತು ಏನನ್ನೋ ಉಜ್ಜುವ ಸದ್ದು. ಕೊನೆಗೆ ಹೆಜ್ಜೆಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತವು. ಮಾತು ಮಾತ್ರ ಬೇರೆ ಕಡೆ ಹೋಯಿತು.

"ಚೂಟಿ, ಅಜ್ಜಿಗೆ ಹೇಳು, ತಾತನ ಮುಖಕ್ಕೆ ಏನೋ ಆಗಿದೆ ಅಂತ."

ಚೂಟಿ ಮಗಳ ಮಗಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಹಗಲು ಡ್ಯೂಟಿ ಇದ್ದ ದಿನ ಮಗು ಇಲ್ಲಿಯೇ. ಈ ಚಳಿಗಾಲ ಪೂರ್ತಿ ತಾತ ಅಜ್ಜಿಯ ನಡುವೆ ಟಪಾಲು ಹೊತ್ತವಳು ಅವಳೇ. ಟೀ ಆರುತ್ತಿದೆ, ಗ್ಯಾಸ್ ಮುಗಿದಿದೆ, ಕನ್ನಡಕ ಸೋಫಾ ಕೆಳಗಿದೆ, ಎಲ್ಲವೂ ಅವಳ ಬಾಯಿಂದಲೇ ಹಾದು ಹೋಗಬೇಕು. ಹೋಗುವಾಗ ಸ್ವಲ್ಪ ರೂಪವನ್ನೂ ಬದಲಾಯಿಸಿಕೊಳ್ಳುತ್ತಿತ್ತು.

"ಅಜ್ಜೀ, ತಾತ ಬೆಕ್ಕಾಗಿದ್ದಾರೆ" ಎಂದಳು ಚೂಟಿ.

ಈಗ ಮಿಸ್ ತಿರುಗಿ ನೋಡಲೇಬೇಕಾಯಿತು. ಮೂಗಿನ ತುದಿ ಇದ್ದಿಲು ಕಪ್ಪು. ಎರಡೂ ಕೆನ್ನೆಗಳ ಮೇಲೆ ಮೂಗಿನಿಂದ ಕಿವಿಯವರೆಗೆ ಎಳೆದ ದಪ್ಪ ಮೀಸೆಗಳು. ಬಲಗಣ್ಣಿನ ಸುತ್ತ ಒಂದು ದುಂಡನೆಯ ಮಚ್ಚೆ. ಸೋಪು ಹಾಕಿ ಉಜ್ಜಿದ್ದರಿಂದ ಮುಖವೆಲ್ಲ ಕೆಂಪಾಗಿ, ಬೆಕ್ಕು ಮಾತ್ರ ಇನ್ನಷ್ಟು ಎದ್ದು ಕಾಣುತ್ತಿತ್ತು. ಪೇಪರ್ ಓದುತ್ತ ಕಿಟಕಿ ಪಕ್ಕದ ಕುರ್ಚಿಯಲ್ಲಿ ತೂಕಡಿಸಿದ ಹೊತ್ತಿನಲ್ಲಿ ಆದ ಕೆಲಸ ಇದು. ಮಗಳು ರಟ್ಟಿನ ಪೆಟ್ಟಿಗೆಗಳ ಮೇಲೆ ಬರೆಯಲು ತಂದಿಟ್ಟಿದ್ದ ಕಪ್ಪು ಮಾರ್ಕರ್ ಚೂಟಿಯ ಫ್ರಾಕಿನ ಜೇಬಿನಿಂದ ಇಣುಕುತ್ತಿತ್ತು.

"ಹುಲಿ ಮಾಡೋಕೆ ಹೋಗಿದ್ಯೇನೇ?" ಎಂದಳು ಮಿಸ್, ನಗುವನ್ನು ಹಲ್ಲಿನ ಹಿಂದೆ ಅದುಮಿಟ್ಟುಕೊಂಡು.

"ಹುಲಿಗೆ ಪಟ್ಟೆ ಇರುತ್ತಲ್ಲ ಅಜ್ಜಿ. ಇದು ಕೆಳಗಡೆ ಮನೆ ಬೆಕ್ಕು. ಅದಕ್ಕೂ ಒಂದೇ ಕಣ್ಣಿಗೆ ಕಪ್ಪು."

ನಗಬಾರದಿತ್ತು. ಅಂದು ಮಧ್ಯಾಹ್ನ ರೈಲು ಚಾಲಕರ ಸಂಘದವರು ನಿವೃತ್ತರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಇಂಜಿನ್ನಿನ ಶಾಖದಲ್ಲಿ, ಹಳಿಗಳ ಮೇಲೆ ಆಯುಸ್ಸು ಸವೆಸಿದ ಗಂಡ, ಈ ಒಂದು ದಿನಕ್ಕಾಗಿ ವಾರದಿಂದ ಕೋಟಿನ ಗುಂಡಿಗಳನ್ನು ಎಣಿಸಿಕೊಂಡು ಓಡಾಡುತ್ತಿದ್ದರು. ಕರೆದೊಯ್ಯಲು ಕಾರು ಬರುವುದಿತ್ತು. ವೇದಿಕೆ, ಮೈಕು, ಫೋಟೋ. ಅಷ್ಟು ಜನರ ನಡುವೆ ಬೆಕ್ಕು.

"ಚೂಟಿ, ತಾತಂಗೆ ಹೇಳು, ಸೋಪಲ್ಲಿ ಉಜ್ಜಬೇಡಿ ಅಂತ. ಚರ್ಮ ಕಿತ್ತು ಬರುತ್ತೆ, ಮಸಿ ಬರಲ್ಲ."

"ಹಾಗಾದ್ರೆ ಏನು ಮಾಡ್ಬೇಕಂತೆ, ಕೇಳು ಅಜ್ಜಿನ."

"ಯೋಚನೆ ಮಾಡ್ಬೇಕಂತೆ ಅಂತ ಹೇಳು."

ಯೋಚನೆ ಮಾಡುವುದು ಡ್ರೈವರ್ ಸಾಹೇಬರ ಜಾಯಮಾನವಲ್ಲ. ಅವರು ಬಾಲ್ಕನಿಗೆ ಹೋಗಿ ಉಪಕರಣಗಳ ಪೆಟ್ಟಿಗೆ ತೆರೆದರು. ಕಿಟಕಿ ಸರಳುಗಳಿಗೆ ಬಣ್ಣ ಬಳಿದಾಗ ಉಳಿದಿದ್ದ ಥಿನ್ನರ್ ಬಾಟಲಿ ಹುಡುಕಿ, ಹಳೇ ಬನಿಯನ್ನಿನ ತುಂಡಿಗೆ ಸುರಿದುಕೊಂಡರು. ಅದರ ಘಾಟು ಅಡುಗೆಮನೆಗೆ ಬಂದು ತಲುಪಿದಾಗ ಬಟ್ಟೆ ಅವರ ಬಲಗಣ್ಣಿನ ಹತ್ತಿರಕ್ಕೆ ಹೋಗಿತ್ತು.

"ಇಡ್ರೀ ಅದನ್ನ ಕೆಳಗೆ!"

ಕೂಗಿದ್ದು ತಾನೇ ಎಂದು ಮಿಸ್‌ಗೆ ಒಂದು ಕ್ಷಣ ನಂಬಿಕೆಯಾಗಲಿಲ್ಲ. ಕೈಯಲ್ಲಿ ಬೆಣ್ಣೆಯ ಚಾಕು ಹಿಡಿದುಕೊಂಡೇ ಬಾಲ್ಕನಿಗೆ ಓಡಿದ್ದಳು. ಸಾಹೇಬರು ಬಟ್ಟೆಯನ್ನು ಕೆಳಗಿಟ್ಟರು. ಎಷ್ಟೋ ದಿನಗಳ ಮೇಲೆ ತಮಗೇ ನೇರವಾಗಿ ಬಂದ ಮಾತು ಅದು. ಬೈಗುಳವಾದರೂ ಸರಿ ಎನ್ನುವಂತೆ ನಿಂತುಕೊಂಡರು.

"ಅಜ್ಜಿ ತಾತನ ಜೊತೆ ಮಾತಾಡಿಬಿಟ್ರು!" ಎಂದು ಚೂಟಿ ಕೈ ತಟ್ಟಿದಳು.

"ಮಾತಾಡಿದ್ದಲ್ಲ, ಕಣ್ಣು ಉಳಿಸಿದ್ದು" ಎಂದಳು ಮಿಸ್. "ಬಂದು ಕೂತ್ಕೊಳ್ಳಿ ಒಳಗೆ. ಏನೂ ಮುಟ್ಟಬೇಡಿ."

ಅಡುಗೆಮನೆಯ ಮೇಜನ್ನು ಆಕೆ ಖಾಲಿ ಮಾಡಿದಳು. ಬ್ರೆಡ್ಡು, ಬೆಣ್ಣೆ ಒಂದು ಮೂಲೆಗೆ ಸರಿದವು. ನಿಂಬೆಹಣ್ಣು, ವಿನಿಗರ್, ಉಪ್ಪು, ಅಡುಗೆ ಎಣ್ಣೆ, ಟೂತ್‌ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು, ಸಾಹೇಬರ ಶೇವಿಂಗ್ ಸೋಪು, ಮಗಳ ಉಗುರುಬಣ್ಣ ತೆಗೆಯುವ ದ್ರವ, ಬಾಗಿಲ ಬಳಿ ಇಡುತ್ತಿದ್ದ ಸ್ಯಾನಿಟೈಸರ್ ಬಾಟಲಿ, ಒಂದೊಂದಾಗಿ ಬಂದು ಸಾಲಾಗಿ ನಿಂತವು. ಚೂಟಿ ತನ್ನ ಲೋಟದ ಹಾಲನ್ನೂ ತಂದಿಟ್ಟಳು.

"ಹಾಲು ಯಾಕೆ?"

"ನಂಗೆ ಬೇಡ, ಅದಕ್ಕೆ."

"ಇರಲಿ ಬಿಡು. ಹಾಲೂ ಪರೀಕ್ಷೆಗೆ ಕೂರಲಿ."

ಸಾಹೇಬರು ಕೆನ್ನೆಯನ್ನು ಮುಂದೆ ಚಾಚಿ ಕಣ್ಣು ಮುಚ್ಚಿದರು. ಮಿಸ್ ಅವರ ಕಡೆ ನೋಡಲೂ ಇಲ್ಲ. ತನ್ನ ಎಡತೋಳನ್ನು ಮೇಲಕ್ಕೆ ಮಡಿಸಿ, ಚೂಟಿಯ ಜೇಬಿನಿಂದ ಮಾರ್ಕರ್ ತೆಗೆದು, ಮಣಿಕಟ್ಟಿನಿಂದ ಮೊಣಕೈವರೆಗೆ ಅಡ್ಡಡ್ಡ ಗೆರೆಗಳನ್ನು ಎಳೆಯತೊಡಗಿದಳು. ಬಿಳಿ ಚರ್ಮದ ಒಳತೋಳಿನ ಮೇಲೆ ಏಣಿಯ ಮೆಟ್ಟಿಲುಗಳ ಹಾಗೆ ಕಪ್ಪು ಗೆರೆಗಳು ಮೂಡಿದವು.

"ಏನೇ ಮಾಡ್ತಿದೀಯ?" ಕಣ್ಣು ಬಿಟ್ಟ ಸಾಹೇಬರು ಗಾಬರಿಯಾದರು. "ನನ್ನ ಮುಖದ ಮೇಲಿರೋದು ಸಾಲದಾ?"

"ನಿಮ್ಮ ಮುಖ ಪ್ರಯೋಗ ಮಾಡೋ ಜಾಗ ಅಲ್ಲ. ಯಾವುದು ಏನು ಮಾಡುತ್ತೆ ಅಂತ ಮೊದಲು ಗೊತ್ತಾಗ್ಬೇಕು. ಸ್ವಲ್ಪ ಒಣಗಲಿ. ನಿಮ್ಮದು ಒಣಗಿದೆಯಲ್ಲ, ಇದೂ ಒಣಗ್ಬೇಕು. ಇಲ್ದಿದ್ರೆ ನ್ಯಾಯ ಅಲ್ಲ."

ಗೆರೆಗಳು ಒಣಗುವವರೆಗೆ ಮೂವರೂ ಆ ತೋಳನ್ನೇ ನೋಡುತ್ತ ಕುಳಿತರು. ಮಿಸ್ ಅದಕ್ಕೆ ಬಾಯಿಂದ ಗಾಳಿ ಊದಿದಳು. ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರಯೋಗ ಶುರುವಾಗುವ ಮುಂಚಿನ ಈ ಹೊತ್ತೇ ಆಕೆಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದುದು. ತರಗತಿಯ ಗಲಾಟೆ ತಾನಾಗಿ ತಣ್ಣಗಾಗಿ, ಏನಾಗುತ್ತದೋ ಎಂದು ಎಲ್ಲ ಕತ್ತುಗಳೂ ಉದ್ದವಾಗುವ ಹೊತ್ತು. ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಿದ್ದರು.

"ಹೇಳಿ. ಯಾವುದು ಗೆಲ್ಲುತ್ತೆ?" ಎಂದಳು, ಯಾರನ್ನೂ ನೋಡದೆ.

"ಹಾಲು" ಎಂದಳು ಚೂಟಿ.

"ನಿಂಬೆಹಣ್ಣು" ಎಂದರು ಸಾಹೇಬರು. "ಪಾತ್ರೆ ಕಲೆಯೆಲ್ಲ ಅದ್ರಿಂದಲೇ ಹೋಗುತ್ತಲ್ಲ."

ಹಾಲು ಏನನ್ನೂ ಮಾಡಲಿಲ್ಲ. ಮೊಣಕೈಯಿಂದ ತೊಟ್ಟಿಕ್ಕಿ ನೆಲದ ಮೇಲೆ ಒಂದು ಬಿಳಿ ಚುಕ್ಕೆಯಾಯಿತು, ಅಷ್ಟೆ. ನಿಂಬೆಹಣ್ಣೂ ಸೋತಿತು, ವಿನಿಗರೂ ಸೋತಿತು. ಸಾಹೇಬರ ಮುಖ ಇಳಿದುಹೋಯಿತು. ಕೆನ್ನೆಯ ಮೀಸೆಗಳೂ ಅದರೊಂದಿಗೆ ಇಳಿದದ್ದನ್ನು ಕಂಡು ಚೂಟಿ ಕಿಸಕ್ಕನೆ ನಕ್ಕಳು.

"ಹುಳಿಗೆ ಇದರ ಹತ್ರ ಕೆಲಸ ಇಲ್ಲ" ಎಂದಳು ಮಿಸ್. ಸೋಲು ಆಕೆಗೆ ಬೇಸರ ತಂದಂತೆ ಕಾಣಲಿಲ್ಲ. ಕಣ್ಣು ಇನ್ನಷ್ಟು ಹೊಳೆಯಿತು. "ನೋಡು ಚೂಟಿ, ಹೋಗದೇ ಇರೋದೂ ಒಂದು ಉತ್ತರ. ಇನ್ನು ಆ ದಾರಿ ಬಿಡಬಹುದು."

ಟೂತ್‌ಪೇಸ್ಟು ಹಚ್ಚಿ ಬೆರಳಲ್ಲಿ ತಿಕ್ಕಿದಾಗ ಕಪ್ಪು ಸ್ವಲ್ಪ ಬೂದುಬಣ್ಣಕ್ಕೆ ತಿರುಗಿತು. ಆದರೆ ಅದು ಕರಗಿದ್ದಲ್ಲ, ಸವೆದದ್ದು ಎಂದು ಮಿಸ್‌ಗೆ ಗೊತ್ತಾಯಿತು. ತಿಕ್ಕಿದ ಜಾಗ ಚುರುಗುಟ್ಟುತ್ತಿತ್ತು. ಉಪ್ಪಿನದೂ ಅದೇ ಕಥೆ. ಶೇವಿಂಗ್ ಸೋಪು ನೊರೆ ಬಿಟ್ಟು ಸುಮ್ಮನಾಯಿತು.

"ಎಣ್ಣೆ ನೋಡು" ಎಂದರು ಸಾಹೇಬರು ಇದ್ದಕ್ಕಿದ್ದಂತೆ.

"ಎಣ್ಣೆನಾ?"

"ಹೂಂ. ಇಂಜಿನ್ ಶೆಡ್ಡಲ್ಲಿ ಕೈಗೆ ಗ್ರೀಸ್ ಮೆತ್ಕೊಂಡ್ರೆ ನಾವು ನೇರ ಸೋಪು ಹಾಕ್ತಿರಲಿಲ್ಲ. ಮೊದಲು ತೆಳು ಎಣ್ಣೆ ಹಚ್ಚಿ ನೆನೆಸ್ತಿದ್ವಿ. ಅದು ಗ್ರೀಸನ್ನ ಎಬ್ಬಿಸುತ್ತೆ. ಆಮೇಲೆ ಒರೆಸಿ ಸೋಪು. ಹೊಸಬರು ಸೋಪಲ್ಲೇ ಉಜ್ಜಿ ಉಜ್ಜಿ ಕೈ ಹರ್ಕೊಳ್ಳೋರು."

"ಮತ್ತೆ ಈಗ ನೀವೇನು ಮಾಡಿದ್ರಿ ಬಚ್ಚಲಲ್ಲಿ?"

"ಅದು ಕೈ. ಇದು ಮುಖ" ಎಂದರು ಸಾಹೇಬರು ಪೆಚ್ಚಾಗಿ. "ಮುಖ ಅಂದ ತಕ್ಷಣ ಬುದ್ಧಿ ಓಡಲಿಲ್ಲ."

ಮಿಸ್ ಒಂದು ಗೆರೆಯ ಮೇಲೆ ಎಣ್ಣೆ ಬಿಟ್ಟು ಬೆರಳಿಂದ ಸುತ್ತ ಸುತ್ತ ಸವರಿದಳು. ಮೊದಲು ಏನೂ ಆಗಲಿಲ್ಲ. ನಿಧಾನವಾಗಿ ಗೆರೆಯ ಅಂಚು ಮಸುಕಾಯಿತು, ಎಣ್ಣೆಗೆ ಕಪ್ಪು ಇಳಿಯಿತು. ಆಕೆ ಹುಬ್ಬೇರಿಸಿ ಗಂಡನನ್ನು ನೋಡಿದಳು. ಇಷ್ಟು ವರ್ಷ ಗ್ರೀಸಿನ ಅಂಗಿಗಳನ್ನು ಒಗೆದಿದ್ದಳು. ಈ ಮಾತು ಆಕೆಗೆ ಯಾವತ್ತೂ ಕೇಳಿಸಿರಲಿಲ್ಲ. ಅವರು ಹೇಳಿರಲಿಲ್ಲವೋ, ತಾನು ಕೇಳಿರಲಿಲ್ಲವೋ.

"ಕಣ್ಣಿನ ಹತ್ರಕ್ಕೆ ಇದೇ" ಎಂದಳು. "ನಿಧಾನ, ಆದ್ರೆ ಉರಿಯಲ್ಲ."

ಉಗುರುಬಣ್ಣ ತೆಗೆಯುವ ದ್ರವ ಒಂದೇ ಎಳೆತಕ್ಕೆ ಗೆರೆಯನ್ನು ಅಳಿಸಿತು. ಸಾಹೇಬರು "ಆಹಾ!" ಎಂದು ಕುರ್ಚಿಯಿಂದ ಅರ್ಧ ಎದ್ದರು. ಆದರೆ ಆ ಜಾಗ ಒಣಗಿ ಬೆಳ್ಳಗಾಗಿ, ಸುಟ್ಟ ಹಾಗೆ ಉರಿಯತೊಡಗಿತ್ತು. "ತುಟಿ ಪಕ್ಕಕ್ಕೆ ಇದು ಬೇಡವೇ ಬೇಡ" ಎಂದು ಮಿಸ್ ಬಾಟಲಿಯ ಮುಚ್ಚಳ ಬಿಗಿದಳು. ಸಾಹೇಬರು ಮತ್ತೆ ಕುಳಿತರು.

ಕೊನೆಗೆ ಸ್ಯಾನಿಟೈಸರ್. ಹತ್ತಿಯ ಉಂಡೆಗೆ ಹಾಕಿ ಗೆರೆಯ ಮೇಲೆ ಒತ್ತಿ ಹಿಡಿದು, ಸ್ವಲ್ಪ ಬಿಟ್ಟು ಎತ್ತಿದಳು. ಗೆರೆ ಸಡಿಲವಾಗಿ ಹರಿಯುತ್ತಿತ್ತು. ಹತ್ತಿಯ ಮೇಲೆ ಬಂದಿದ್ದ ಬಣ್ಣ ಕಪ್ಪಾಗಿರಲಿಲ್ಲ. ನೇರಳೆ.

"ಅರೆ" ಎಂದಳು ಮಿಸ್.

ಅದು ಆಕೆಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಮತ್ತೆ ಕಂಡಾಗ ಮೊದಲ ಸಲ ಕಂಡ ಹಾಗೇ ಆಯಿತು. ಆಕೆ ಡ್ರಾಯರಿನಿಂದ ಟಿಶ್ಯೂ ಪೇಪರ್ ಎಳೆದು, ನಡುವೆ ಮಾರ್ಕರಿನಿಂದ ಒಂದು ಚುಕ್ಕೆಯಿಟ್ಟು, ಅದರ ಮೇಲೆ ಸ್ಯಾನಿಟೈಸರಿನ ಒಂದೇ ಹನಿ ಬೀಳಿಸಿದಳು. ಚೂಟಿ ಮೇಜಿನ ಮೇಲೆಯೇ ಹತ್ತಿ ಕುಳಿತಳು. ಹನಿ ಕಾಗದದಲ್ಲಿ ಹರಡುತ್ತ ಹೋಯಿತು. ಕಪ್ಪು ಚುಕ್ಕೆ ಅದರ ಹಿಂದೆ ಹೊರಟಿತು. ಹೋಗುತ್ತ ಹೋಗುತ್ತ ಬಿಡಿಬಿಡಿಯಾಯಿತು. ಮೊದಲು ಒಂದು ನೀಲಿ ಉಂಗುರ, ಅದರಾಚೆ ನೇರಳೆ, ಅಂಚಿನಲ್ಲಿ ತೆಳುವಾದ ಗುಲಾಬಿ.

"ಕಪ್ಪು ಎಲ್ಲಿಗೆ ಹೋಯ್ತಜ್ಜಿ?"

"ಕಪ್ಪು ಇರಲೇ ಇಲ್ಲ ಕಣೇ. ಇವೆಲ್ಲ ಒಟ್ಟಿಗೆ ಒತ್ತಿಕೊಂಡು ಕೂತಿದ್ದಕ್ಕೆ ಕಪ್ಪು ಅನ್ನಿಸ್ತಿತ್ತು. ಈಗ ದಾರಿ ಸಿಕ್ತು, ಒಬ್ಬೊಬ್ಬರು ಒಂದೊಂದು ದೂರ ಹೋದ್ರು. ಹನಿ ಜೊತೆ ಬೆರೆಯೋರು ಮುಂದೆ, ಕಾಗದ ಹಿಡ್ಕೊಂಡೋರು ಹಿಂದೆ."

"ಗೂಡ್ಸ್ ಗಾಡಿ ಬೋಗಿಗಳನ್ನ ಬಿಡಿಸಿದ ಹಾಗೆ" ಎಂದರು ಸಾಹೇಬರು. ಅವರು ತಮ್ಮ ಮುಖದ ವಿಷಯವನ್ನೇ ಮರೆತು, ಬೆಕ್ಕಿನ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದ್ದರು. "ಇನ್ನೊಂದು ಹನಿ ಹಾಕು. ಇನ್ನೂ ದೂರ ಹೋಗುತ್ತಾ ನೋಡೋಣ."

ಇನ್ನೊಂದು ಹನಿ ಬಿತ್ತು. ಇನ್ನೊಂದು ಕಾಗದ ಬಂತು. ಚೂಟಿ ತನ್ನ ಸ್ಕೆಚ್ ಪೆನ್ನುಗಳ ಡಬ್ಬಿಯನ್ನೇ ತಂದು ಸುರಿದಳು. ಹಸಿರು ಒಡೆದು ಹಳದಿ ಆಚೆಗೆ ಬಂದಾಗ ಮೂವರೂ ಒಟ್ಟಿಗೆ ಕೂಗಿದರು.

"ಸ್ಕೂಲಲ್ಲಿ ಇದನ್ನ ತೋರಿಸ್ತಿದ್ಯಾ?" ಎಂದು ಕೇಳಿದರು ಸಾಹೇಬರು.

"ಪ್ರತಿ ವರ್ಷ."

ಅಷ್ಟು ಹೇಳಿ ಆಕೆ ಎಣ್ಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಡುಗೆಮನೆಯ ಸಂಭ್ರಮ ಗಾಳಿ ತೆಗೆದ ಹಾಗೆ ಇಳಿಯಿತು. ಮಾತು ನೇರ ಹೋಗಿ ನೋವಿದ್ದ ಕಡೆಯೇ ತಾಗಿತ್ತು.

ಚಳಿಗಾಲ ಶುರುವಾಗುವ ಮುಂಚೆ ಶಾಲೆಯಿಂದ ಮನೆಗೆ ಒಂದು ಫೋನ್ ಬಂದಿತ್ತು. ವಿಜ್ಞಾನದ ಮೇಷ್ಟ್ರು ಬಿಟ್ಟು ಹೋಗಿದ್ದಾರೆ, ಮಿಸ್ ಮತ್ತೆ ಬಂದು ಪಾಠ ಮಾಡುತ್ತಾರಾ ಎಂದು ಹೆಡ್‌ಮಿಸ್ ಕೇಳಿದ್ದರು. ಫೋನ್ ಎತ್ತಿಕೊಂಡ ಸಾಹೇಬರು, "ಅವಳಿಗೆ ಮಂಡಿ ನೋವು, ಆಗಲ್ಲ" ಎಂದು ಹೇಳಿ ಇಟ್ಟಿದ್ದರು. ಆ ಮಾತನ್ನು ಮನೆಯಲ್ಲಿ ಎತ್ತಲೂ ಇಲ್ಲ. ಕೆಲವು ವಾರ ಬಿಟ್ಟು ತರಕಾರಿ ಅಂಗಡಿಯಲ್ಲಿ ಸಿಕ್ಕ ಶಾಲೆಯ ಗುಮಾಸ್ತೆ "ಮಂಡಿ ಹೇಗಿದೆ ಮಿಸ್?" ಎಂದು ಕನಿಕರದಿಂದ ಕೇಳಿದಾಗಲೇ ವಿಷಯ ಹೊರಬಿದ್ದದ್ದು. ಅಂದು ಮನೆಗೆ ಬಂದು ಮಿಸ್ ಜಗಳವಾಡಲಿಲ್ಲ. ತಾನಿಲ್ಲದೆಯೇ ತನ್ನ ಮಾತು ಮುಗಿದುಹೋಗುವುದಾದರೆ ಇನ್ನು ಮಾತಾದರೂ ಯಾಕೆ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಶಾಲೆಗೆ ಹೋಗಿ ವಿಚಾರಿಸಲೂ ಇಲ್ಲ. ಹೇಳಿದವರೇ ಹೋಗಿ ಸರಿ ಮಾಡಲಿ ಎಂಬ ಹಟ.

"ಈ ಕಡೆ ತಿರುಗಿ" ಎಂದಳು ಈಗ. ಬಲಗೈ ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. "ಅಲ್ಲಾಡಬೇಡಿ."

ಎಡಗೈಯಲ್ಲಿ ಅವರ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿದಳು. ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಕಣ್ಣಿನ ಕೆಳಗೆ ಹೊಸ ಗೆರೆಗಳು ಬಂದಿದ್ದವು. ಇಂಜಿನ್ ಕಿಟಕಿಯಿಂದ ತಲೆ ಹೊರಹಾಕಿ ಹಾಕಿ ಒಂದು ಕಡೆ ಹೆಚ್ಚು ಕಪ್ಪಾಗಿದ್ದ ಕೆನ್ನೆ ಈಗ ಇನ್ನೊಂದರ ಬಣ್ಣಕ್ಕೇ ಬಂದಿತ್ತು. ಆಕೆ ರೆಪ್ಪೆಯ ಸುತ್ತ ಎಣ್ಣೆಯನ್ನು ಹಗುರವಾಗಿ ಸವರಿದಳು, ಕಾದಳು, ಒರೆಸಿದಳು. ಬೆಕ್ಕಿನ ಕಣ್ಣು ನಿಧಾನವಾಗಿ ಮಾಸತೊಡಗಿತು. ಕೆನ್ನೆಗೆ ಬಂದಾಗ ಹತ್ತಿಗೆ ಸ್ಯಾನಿಟೈಸರ್ ಹಾಕಿದಳು.

"ಆವತ್ತು ಫೋನ್ ಬಂದಾಗ ನೀನು ಟೆರೇಸ್ ಮೇಲೆ ಬಟ್ಟೆ ತೆಗೆಯೋಕೆ ಹೋಗಿದ್ದೆ" ಎಂದರು ಸಾಹೇಬರು ಕಣ್ಣು ಮುಚ್ಚಿಕೊಂಡೇ.

ಹತ್ತಿ ಕೆನ್ನೆಯ ಮೇಲೆ ನಿಂತಿತು.

"ದಿನಾ ಬರ್ಬೇಕಾಗುತ್ತೆ, ಸಂಜೆವರೆಗೂ ಇರ್ಬೇಕಾಗುತ್ತೆ ಅಂದ್ರು ಅವರು. ಮನೇಲಿ ಫ್ರಿಜ್ಜಿನ ಸದ್ದು ಬಿಟ್ರೆ ಬೇರೆ ಏನೂ ಇರಲಿಲ್ಲ. ಅಷ್ಟು ಇಂಜಿನ್ ಓಡಿಸಿದೀನಿ, ಯಾವ ಸದ್ದಿಗೂ ಹೆದರಿದೋನಲ್ಲ. ಆ ಫ್ರಿಜ್ ಸದ್ದು ಕೇಳ್ಕೊಂಡು ದಿನಾ ಕೂರ್ಬೇಕಲ್ಲ ಅಂತ ಒಂಥರಾ ಆಗ್ಬಿಡ್ತು. ಬಾಯಿಗೆ ಮಂಡಿ ಬಂತು, ಹೇಳ್ಬಿಟ್ಟೆ."

"ನನ್ನ ಮಂಡಿ ನಿಮ್ಮದಕ್ಕಿಂತ ಗಟ್ಟಿಯಾಗಿದೆ."

"ಗೊತ್ತು."

ಮಿಸ್ ಮೀಸೆಯ ಒಂದು ಎಳೆಯನ್ನು ಕಿವಿಯ ಕಡೆಯಿಂದ ಮೂಗಿನ ಕಡೆಗೆ ಒರೆಸಿದಳು. ನೇರಳೆ ಹತ್ತಿಯನ್ನು ಎಸೆದು ಹೊಸದನ್ನು ತೆಗೆದುಕೊಂಡಳು.

"ನೀವು ಗಾಡಿ ತಗೊಂಡು ಹೋದ ದಿನ ಎಲ್ಲ, ನಾನು ಅದೇ ಸದ್ದು ಕೇಳ್ಕೊಂಡು ಮಲಗ್ತಿದ್ದೆ" ಎಂದಳು.

ಸಾಹೇಬರು ಕಣ್ಣು ತೆರೆದರು.

"ಕಣ್ಣು ಮುಚ್ಚಿ. ಉರಿಯುತ್ತೆ."

ಮುಚ್ಚಿದರು. ಚೂಟಿ ಇದನ್ನೆಲ್ಲ ಕೇಳುತ್ತಲೇ ಕೆಂಪು ಬಣ್ಣವನ್ನು ಒಡೆಯಲು ಹೆಣಗುತ್ತಿದ್ದಳು. ಕೆಂಪು ಹರಡಿತೇ ಹೊರತು ಒಡೆಯಲಿಲ್ಲ. ಕೆಂಪಿನಲ್ಲಿ ಕೆಂಪು ಮಾತ್ರ ಇತ್ತು.

ಆಗ ಸಾಹೇಬರ ಮೊಬೈಲು ಹೊಡೆದುಕೊಂಡಿತು. ಸಂಘದ ಕಾರ್ಯದರ್ಶಿ. ಇಂಜಿನ್ನಿನಲ್ಲಿ ಕಿರುಚಿ ಮಾತಾಡಿ ಅಭ್ಯಾಸವಾದವನ ದನಿ ಅಡುಗೆಮನೆಗೆಲ್ಲ ಕೇಳಿಸಿತು. "ಸಾರ್, ಕಾರು ಹೊರಡ್ತಾ ಇದೆ. ಮೇಡಮ್ಮೋರೂ ಬರ್ತಾರಲ್ಲ? ಮುಂದಿನ ಸಾಲಲ್ಲೇ ಕುರ್ಚಿ ಹಾಕ್ಸಿದೀನಿ."

"ಅವಳು..." ಎಂದು ಶುರು ಮಾಡಿದ ಸಾಹೇಬರು ಅಲ್ಲಿಯೇ ನಿಂತರು. ಬಾಯಿ ಮುಚ್ಚಿದರು. ಹೆಂಡತಿಯ ಎರಡೂ ಕೈ ಎಣ್ಣೆ, ಮಸಿ ಆಗಿದ್ದನ್ನು ನೋಡಿ, ಫೋನನ್ನು ತಾವೇ ಆಕೆಯ ಕಿವಿಗೆ ಹಿಡಿದರು.

ಮಿಸ್ ಗಂಡನ ಮುಖವನ್ನು ನೋಡಿದಳು. ಅರ್ಧ ಬೆಕ್ಕು, ಅರ್ಧ ಮನುಷ್ಯ.

"ನಮಸ್ಕಾರಪ್ಪ. ನಾನು ಬರಲ್ಲ" ಎಂದಳು. "ಇಲ್ಲ ಇಲ್ಲ, ಆರೋಗ್ಯ ಚೆನ್ನಾಗಿದೆ. ಬೇರೆ ಕಡೆ ಹೋಗೋದಿದೆ ನನಗೆ. ಸಾಹೇಬರು ಬರ್ತಾರೆ, ಮೊಮ್ಮಗಳನ್ನ ಕರ್ಕೊಂಡು. ಆ ಕುರ್ಚಿಲಿ ಅವಳನ್ನ ಕೂರ್ಸಿ."

ಬೇರೆ ಕಡೆ ಹೋಗುವುದಿದೆ ಎಂಬುದು ಆ ಮಾತು ಬಾಯಿಂದ ಬೀಳುವವರೆಗೂ ಆಕೆಗೇ ಗೊತ್ತಿರಲಿಲ್ಲ. ಸಾಹೇಬರು ಎಲ್ಲಿಗೆ ಎಂದು ಕೇಳಲಿಲ್ಲ. ಇನ್ನೊಂದು ಕೆನ್ನೆಯನ್ನು ತಾವಾಗಿಯೇ ತಿರುಗಿಸಿ ಕೊಟ್ಟರು.

ಕಾರು ಕೆಳಗೆ ಹಾರ್ನ್ ಹೊಡೆಯುವಾಗ ಮುಖ ಒಂದು ಮಟ್ಟಕ್ಕೆ ಬಂದಿತ್ತು. ಸೋಪಿನಲ್ಲಿ ಮೆಲ್ಲಗೆ ತೊಳೆದು ಕ್ರೀಮು ಹಚ್ಚಿದ್ದರಿಂದ ಕೆಂಪೂ ಇಳಿದಿತ್ತು. ಮೂಗಿನ ತುದಿಯಲ್ಲಿ ಮಾತ್ರ ರೋಮದ ರಂಧ್ರಗಳಿಗೆ ಇಳಿದ ಮಸಿ ಬೂದುಬಣ್ಣದ ನೆರಳಿನ ಹಾಗೆ ಉಳಿಯಿತು. "ಇದಕ್ಕೆ ಇನ್ನು ಉಜ್ಜಬಾರದು. ಚರ್ಮ ತಾನಾಗಿ ಬದಲಾದಾಗ ಹೋಗುತ್ತೆ" ಎಂದಳು ಮಿಸ್. ಸಾಹೇಬರು ಕನ್ನಡಿಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿ ನೋಡಿಕೊಂಡು, "ಕಲ್ಲಿದ್ದಲಿನ ಕಾಲದೋನು ಅಂದ್ಕೊಳ್ತಾರೆ, ಮರ್ಯಾದೆ ಜಾಸ್ತಿ ಆಗುತ್ತೆ" ಎಂದರು. ಬೆಕ್ಕು ಹೋಯಿತೆಂದು ಮುಖ ಉಬ್ಬಿಸಿಕೊಂಡಿದ್ದ ಚೂಟಿಯ ಕೈ ಹಿಡಿದು ಇಳಿದುಹೋದರು.

ಮನೆಯಲ್ಲಿ ಫ್ರಿಜ್ಜಿನ ಸದ್ದು ಉಳಿಯಿತು. ಮಿಸ್ ಅದನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಟಿಶ್ಯೂ ಪೇಪರು, ಸ್ಯಾನಿಟೈಸರ್, ಮಾರ್ಕರ್ ಎಲ್ಲವನ್ನೂ ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

ಶನಿವಾರವಾದ್ದರಿಂದ ಶಾಲೆ ಆಗತಾನೇ ಬಿಟ್ಟಿತ್ತು. ಹೆಡ್‌ಮಿಸ್ ಕಾರಿಡಾರಿನಲ್ಲೇ ಸಿಕ್ಕರು.

"ಅಯ್ಯೋ ಮಿಸ್, ಬನ್ನಿ ಬನ್ನಿ! ಮಂಡಿ ಹೇಗಿದೆ ಈಗ?"

"ಮಂಡಿ ಯಾವಾಗಲೂ ಚೆನ್ನಾಗೇ ಇತ್ತು. ನೋವು ನಮ್ಮನೆಯವರಿಗಿತ್ತು."

ಹೆಡ್‌ಮಿಸ್ ನಕ್ಕರು, ಆಮೇಲೆ ಅರ್ಥವಾಗಿ ನಗು ನಿಲ್ಲಿಸಿದರು. "ಆ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲ ಮಿಸ್. ಹುಡುಗ ಒಳ್ಳೆಯವನು. ಆದ್ರೆ ಗಣಿತನೂ ಅವನ ತಲೆ ಮೇಲೇ ಬಿದ್ದಿದೆ, ಪಾಪ."

ಊಹಿಸಿದ್ದ ವಿಷಯವೇ. ಮಿಸ್ ಕೈಚೀಲದ ಹಿಡಿಯನ್ನು ಬದಲಾಯಿಸಿಕೊಂಡಳು.

"ಲ್ಯಾಬಿಗೆ ಯಾರು ಹೋಗ್ತಾರೆ?"

"ಎಲ್ಲಿ ಬಂತು ಹೊತ್ತು? ಬೀಗ ಹಾಕಿದೀವಿ. ಮುರಿದ ಬೆಂಚು ತುಂಬಿಸಿಟ್ಟಿದೀವಿ."

"ಕೀ ಕೊಡಿ."

"ಹುದ್ದೆ ಅಂತ ಏನೂ ಇಲ್ಲ ಮಿಸ್..."

"ನಾನು ಹುದ್ದೆ ಕೇಳಿದ್ನಾ? ಕೀ ಕೇಳಿದೆ. ಒಂದ್ಸಲ ನೋಡ್ಕೊಂಡು ಹೋಗ್ತೀನಿ."

ಬೀಗ ಬಿಗಿದುಕೊಂಡಿತ್ತು, ಎರಡು ಕೈಯಲ್ಲೂ ತಿರುಗಿಸಬೇಕಾಯಿತು. ಒಳಗೆ ಬೆಂಚುಗಳು ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಮಿಸ್ ಅವುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಕಿಟಕಿ ತೆರೆದಳು. ಬಸ್ಸಿಗೆ ಕಾಯುತ್ತಿದ್ದ ಕೆಲವು ಹುಡುಗಿಯರು ಸದ್ದು ಕೇಳಿ ಬಾಗಿಲಲ್ಲಿ ಇಣುಕಿದರು. ಅವರಿಗೆ ಆಕೆಯ ಪರಿಚಯವಿರಲಿಲ್ಲ.

"ಆಂಟಿ, ಕೈಗೆ ಏನಾಗಿದೆ?" ಎಂದಳು ಮುಂದಿದ್ದವಳು.

ಮಿಸ್ ತೋಳನ್ನು ಅವರ ಮುಂದೆ ಚಾಚಿದಳು. ಕೆಲವು ಗೆರೆಗಳು ಹಾಗೇ ಇದ್ದವು, ಕೆಲವು ಬೂದುಬಣ್ಣಕ್ಕೆ ತಿರುಗಿದ್ದವು, ಒಂದೆರಡರ ಗುರುತೂ ಇರಲಿಲ್ಲ. "ಎಲ್ಲಾ ಒಂದೇ ಮಾರ್ಕರ್. ಒಂದೇ ಹೊತ್ತಲ್ಲಿ ಎಳೆದಿದ್ದು. ಒಂದೊಂದಕ್ಕೆ ಮನೇಲಿರೋ ಒಂದೊಂದು ವಸ್ತು ಹಚ್ಚಿದೀನಿ. ಯಾವುದು ಯಾವುದರಿಂದ ಹೋಗಿರಬಹುದು, ಹೇಳಿ ನೋಡೋಣ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತವಳು ಮುಂದೆ ಬಂದಳು. "ಇದು ಸೋಪಾ?" "ಅಲ್ಲ ಕಣೇ, ಸೋಪಾದ್ರೆ ಪೂರ್ತಿ ಹೋಗ್ಬೇಕಿತ್ತು." "ಯಾಕೆ ಹೋಗ್ಬೇಕು?" "ಮುಟ್ಟಬಹುದಾ ಆಂಟಿ?"

"ಮುಟ್ಟಿ. ತಡೀರಿ, ಸುಮ್ನೆ ಊಹೆ ಯಾಕೆ, ಮಾಡೇ ನೋಡೋಣ. ಮೊದಲು ನೀರು ಬೇಕು."

ಆಕೆ ಮೂಲೆಯ ಸಿಂಕಿನ ಬಳಿ ಹೋಗಿ ನಲ್ಲಿಯನ್ನು ತಿರುಗಿಸಿದಳು. ಕೊಳವೆ ಗೋಡೆಯೊಳಗೆ ಎಲ್ಲೋ ಗೊರಗೊರ ಎಂದಿತು, ಕೆಮ್ಮಿತು, ಗಾಳಿ ಉಗುಳಿತು. ಆಮೇಲೆ ಒಮ್ಮೆಗೇ ತುಕ್ಕಿನ ಬಣ್ಣದ ನೀರು ಸಿಡಿದು ಬಂತು. ಹುಡುಗಿಯರು ಕಿರುಚಿ ಹಿಂದೆ ಸರಿದರು. ಮಿಸ್ ನಲ್ಲಿ ನಿಲ್ಲಿಸಲಿಲ್ಲ. ಕಂದು ನೀರು ಸಿಂಕಿನ ಧೂಳನ್ನು ಎಳೆದುಕೊಂಡು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ಮತ್ತೆ ಹತ್ತಿರ ಬಂದು, ಸಿಂಕಿನ ಅಂಚು ಹಿಡಿದು ಬಗ್ಗಿ ನಿಂತರು. ನೀರು ಕಂದಿನಿಂದ ಹಳದಿಗೆ ತಿರುಗಿತ್ತು, ಹಳದಿ ತೆಳುವಾಗುತ್ತಿತ್ತು. ಧಾರೆಯ ನಡುವಿನಿಂದ ಸಿಂಕಿನ ಬಿಳಿ ತಳ ಅಲ್ಲಲ್ಲಿ ಕಾಣತೊಡಗಿತು.